ಪಟ್ಟಿ ಮುಗಿಯುತ್ತದೆ, ಪುಸ್ತಕ ಮುಗಿಯುವುದಿಲ್ಲ

ಚಿ. ಅನನ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಬೆಳಿಗ್ಗೆ ಹತ್ತು ಹನ್ನೆರಡು ಕೆಲಸ ಬರೆದಿಟ್ಟುಕೊಂಡು, ಮಲಗುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಕ್ಕೂ ಟಿಕ್ ಹಾಕುತ್ತೀಯ. ಆದರೆ ‘ಕಾದಂಬರಿ ಅನುವಾದ’ ಅನ್ನುವ ಸಾಲು ಮಾತ್ರ ಎಂಟು ತಿಂಗಳಿಂದ ಒಂದು ಪುಟದಿಂದ ಇನ್ನೊಂದಕ್ಕೆ ವರ್ಗವಾಗುತ್ತಲೇ ಇದೆ ಎಂದಿದ್ದೀಯ. ನಿನ್ನನ್ನು ನೀನೇ ಸೋಮಾರಿ ಅಂತ ಬೈದುಕೊಂಡಿದ್ದೀಯಲ್ಲ, ಅದು ಬೇಡ. ಸೋಮಾರಿಯಾದವರು ದಿನಕ್ಕೆ ಹನ್ನೆರಡು ಕೆಲಸ ಮುಗಿಸುವುದಿಲ್ಲ. ಆ ಸಾಲು ತಪ್ಪು ಜಾಗದಲ್ಲಿ ಕೂತಿದೆ, ಅಷ್ಟೆ.

ಪಟ್ಟಿಯಲ್ಲಿ ಎಲ್ಲ ಕೆಲಸಕ್ಕೂ ಒಂದೊಂದೇ ಸಾಲು. ಐದು ನಿಮಿಷದಲ್ಲಿ ಬಿಲ್ ಕಟ್ಟುವುದಕ್ಕೂ ಒಂದು ಟಿಕ್, ಐನೂರು ಗಂಟೆ ಬೇಡುವ ಅನುವಾದಕ್ಕೂ ಒಂದೇ ಟಿಕ್. ಕೈ ಯಾವ ಕಡೆ ಹೋದೀತು ನೀನೇ ಹೇಳು. ಇದರ ಮೇಲೆ ಗಡುವಿನ ಕಾಟ ಬೇರೆ. ಮೆಂಗ್ ಝು ಮತ್ತು ಸಂಗಡಿಗ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಪ್ರತಿಫಲದ ಕೆಲಸ ಕಣ್ಣೆದುರೇ ಇದ್ದರೂ ‘ಸಮಯ ಮುಗಿಯುತ್ತಿದೆ’ ಎಂಬಂತೆ ತೋರಿಸಿದ ಕಡಿಮೆ ಪ್ರತಿಫಲದ ಕೆಲಸದ ಕಡೆಗೇ ಜನ ವಾಲಿದರು. ಆ ಅವಸರ ಬರೀ ತೋರಿಕೆಯದಾಗಿತ್ತು. ನಿನ್ನ ಅನುವಾದಕ್ಕಂತೂ ಗಡುವೂ ಇಲ್ಲ, ಫೋನ್ ಮಾಡಿ ‘ಎಲ್ಲಿಗೆ ಬಂತು’ ಅಂತ ಕೇಳುವವರೂ ಇಲ್ಲ. ಪಟ್ಟಿಯಲ್ಲಿ ಇರುವವರೆಗೂ ಅದು ಸೋಲುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಆ ಸಾಲನ್ನು ಅಲ್ಲಿಂದ ತೆಗೆ. ಅದಕ್ಕೆ ಬೇಕಿರುವುದು ವಾರದಲ್ಲಿ ಇಂತಿಷ್ಟು ಗಂಟೆ. ಎಷ್ಟು ಅನ್ನುವುದನ್ನು ಊಹಿಸಬೇಡ, ಅಳೆ. ಪುಸ್ತಕದಿಂದ ಆರು ಪುಟ ಆರಿಸಿಕೋ: ಆರಂಭದ ಎರಡು, ಬರೀ ಸಂಭಾಷಣೆಯಿರುವ ಎರಡು, ದಟ್ಟ ವರ್ಣನೆಯ ಎರಡು. ಗಡಿಯಾರ ಇಟ್ಟುಕೊಂಡು ಅನುವಾದಿಸು. ಸರಾಸರಿ ಪುಟಕ್ಕೆ ಒಂದೂವರೆ ಗಂಟೆ ಹಿಡಿಯಿತು ಅಂತಿಟ್ಟುಕೋ. ನಿನ್ನ ಪುಸ್ತಕದ 240 ಪುಟಕ್ಕೆ 360 ಗಂಟೆ. ತಿದ್ದುಪಡಿಗೆ ಅದರ ಅರ್ಧ, 180. ಒಟ್ಟು 540. ತಲಾ ಒಂದೂವರೆ ಗಂಟೆಯಂತೆ ವಾರಕ್ಕೆ ನಾಲ್ಕು ಸಲ ಕೂತರೆ 6 ಗಂಟೆ, ಅಂದರೆ 90 ವಾರ. ಆದರೆ ವರ್ಷಕ್ಕೆ 52 ವಾರ ಅಂತ ಲೆಕ್ಕ ಹಿಡಿಯಬೇಡ. ಜ್ವರ, ಪ್ರಯಾಣ, ಆಫೀಸಿನ ಒತ್ತಡ ಎಲ್ಲ ಕಳೆದು 40 ಹಿಡಿ. ಎರಡು ವರ್ಷ ಮೂರು ತಿಂಗಳು ಬಂತು.

ಈ ಅಂಕಿ ನೋಡಿ ಎದೆಗುಂದಬೇಡ. ನೀನು ಬರೆದ ‘ಆರು ತಿಂಗಳಲ್ಲಿ ಮುಗಿಸ್ತೀನಿ’ ಅನ್ನುವುದೇ ಹೆಚ್ಚು ಅಪಾಯದ್ದು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರೌಢಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕು ಅಂದುಕೊಂಡಿದ್ದರು, ಹಿಡಿದದ್ದು 55. ಎಲ್ಲ ಎಡವಟ್ಟಾದರೆ ಎಷ್ಟು ಬೇಕಾದೀತು ಎಂದು ಕೇಳಿದಾಗ ಹೇಳಿದ್ದು ಕೂಡ 49 ದಿನವೇ. ನಾವು ಕೆಲಸವನ್ನು ಎಣಿಸುತ್ತೇವೆ, ಅಡ್ಡಿಗಳನ್ನು ಎಣಿಸುವುದಿಲ್ಲ.

ಇನ್ನು ಕೂರುವ ಹೊತ್ತು. ‘ಬಿಡುವಾದಾಗ’ ಅನ್ನುವುದು ಹೊತ್ತಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ತೋರಿಸಿಕೊಟ್ಟಿದ್ದು ಸರಳ ಸಂಗತಿ: ‘ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗಂಟು ಹಾಕಿಟ್ಟ ಉದ್ದೇಶ, ಬರಿಯ ಉದ್ದೇಶಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ‘ಮಂಗಳವಾರ ಬೆಳಿಗ್ಗೆ ಹಲ್ಲುಜ್ಜಿ ಬಂದ ಕೂಡಲೇ ಕಿಟಕಿ ಪಕ್ಕದ ಮೇಜಿಗೆ ಕೂರುತ್ತೇನೆ’ ಅಂತ ಬರೆ. ಪುಸ್ತಕ, ನಿಘಂಟು, ನೋಟ್‌ಬುಕ್ ಹಿಂದಿನ ರಾತ್ರಿಯೇ ಮೇಜಿನ ಮೇಲಿರಲಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ರಾತ್ರಿಯ ಹೊತ್ತನ್ನು ಮಾತ್ರ ಆರಿಸಬೇಡ. ಹಗಲಿನ ಕೆಲಸಗಳೆಲ್ಲ ಹರಿದು ಬಂದು ಸೇರುವುದು ಅಲ್ಲಿಗೇ.

ಕೂತ ಮೇಲೂ ಹೊತ್ತು ಸೋರಿಹೋಗುವುದುಂಟು. ಹೆಚ್ಚಿನವರು ಮೊದಲ ಕಾಲು ಗಂಟೆಯನ್ನು ‘ಎಲ್ಲಿದ್ದೆ’ ಎಂದು ಹುಡುಕುವುದರಲ್ಲೇ ಕಳೆಯುತ್ತಾರೆ. ಅದಕ್ಕೇ ಪ್ರತಿ ಸಲ ಕೊನೆಯ ಐದು ನಿಮಿಷ ಅನುವಾದ ನಿಲ್ಲಿಸಿ ಮೂರು ಸಂಗತಿ ಗುರುತು ಹಾಕು: ಎಲ್ಲಿ ನಿಂತೆ, ಯಾವ ಮಾತು ಸಿಕ್ಕಿಹಾಕಿಕೊಂಡಿದೆ, ಮುಂದಿನ ವಾಕ್ಯದ ಒರಟು ರೂಪ ಏನು. ಪ್ಯಾರಾ ಮುಗಿಸಿ ಏಳಬೇಡ, ನಡುವೆಯೇ ಏಳು. ಮರುದಿನ ಹಿಡಿಯಲು ತುದಿ ಸಿಗುತ್ತದೆ. ಒಂದು ಪದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ನಿಘಂಟು ತಿರುವಬೇಡ, ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗು. ಎಲ್ಲಕ್ಕಿಂತ ಮುಖ್ಯ, ಕರಡು ಪೂರ್ತಿಯಾಗುವವರೆಗೆ ಮೊದಲ ಅಧ್ಯಾಯವನ್ನು ಮುಟ್ಟಬೇಡ. ಮೊದಲ ಇಪ್ಪತ್ತು ಪುಟ ಹೊಳೆಯುತ್ತಿದ್ದು ಮುಂದೆ ಏನೂ ಇಲ್ಲದೆ ನಿಂತುಹೋಗುವ ಅನುವಾದಗಳು ಹೆಚ್ಚಾಗಿ ಹೀಗೇ ಹುಟ್ಟುತ್ತವೆ. ಮೂವತ್ತನೇ ಪುಟದಲ್ಲಿ ಲೇಖಕನ ದನಿ ಕಿವಿಗೆ ಹತ್ತಿದ ಮೇಲೆ ಆ ಇಪ್ಪತ್ತನ್ನೂ ಹೇಗೂ ತಿದ್ದಲೇಬೇಕು.

ಪಟ್ಟಿಯನ್ನು ಬಿಸಾಡು ಎನ್ನುತ್ತಿಲ್ಲ. ಬಿಲ್ಲು, ಫೋನು, ಬ್ಯಾಂಕು ಅಲ್ಲೇ ಇರಲಿ, ಆದರೆ ದಿನಕ್ಕೆ ಐದೇ ಸಾಲು. ಅನುವಾದಕ್ಕೆ ಕೂರುವ ದಿನಗಳಲ್ಲಿ ಮೇಜಿನಿಂದ ಎದ್ದ ಮೇಲೆಯೇ ಅದನ್ನು ತೆರೆ. ಅನುವಾದದ ಗುರಿಯಿಂದಲೂ ಕೆಲವು ಸಾಲುಗಳು ಪಟ್ಟಿಗೆ ಬರುತ್ತವೆ. ಈಗಲೇ ಒಂದಿದೆ: ಪುಸ್ತಕ ಇನ್ನೂ ಹಕ್ಕುಸ್ವಾಮ್ಯದಲ್ಲಿದ್ದರೆ ಪ್ರಕಟಿಸಲು ಲೇಖಕರ ಅಥವಾ ಹಕ್ಕುದಾರರ ಲಿಖಿತ ಅನುಮತಿ ಬೇಕು. 240 ಪುಟ ಆದಮೇಲೆ ಕೇಳಿ ‘ಇಲ್ಲ’ ಅನ್ನಿಸಿಕೊಳ್ಳುವುದಕ್ಕಿಂತ ಈ ವಾರವೇ ಪತ್ರ ಹಾಕು.

ಒಂದು ದಿನ ತಪ್ಪಿದರೆ ತಪ್ಪಿತು. ಮರುದಿನ ಮೂರು ಗಂಟೆ ಕೂತು ಬಾಕಿ ತೀರಿಸಲು ಹೋಗಬೇಡ. ಬಾಕಿ ಬೆಳೆದು ಬೆಳೆದು ಮೇಜಿನ ಹತ್ತಿರ ಸುಳಿಯುವುದಕ್ಕೇ ಮನಸ್ಸು ಒಪ್ಪದಂತಾಗುತ್ತದೆ. ನೋಟ್‌ಬುಕ್ಕಿನ ಕೊನೆಯಲ್ಲಿ ತಾರೀಖು, ಕೂತ ಗಂಟೆ, ಮುಗಿದ ಪುಟ, ಇಷ್ಟು ಬರೆದಿಡು. ಹನ್ನೆರಡು ವಾರಕ್ಕೊಮ್ಮೆ ಗಂಟೆಯನ್ನು ಪುಟದಿಂದ ಭಾಗಿಸಿ ನೋಡಿ ಮುಗಿಯುವ ತಾರೀಖನ್ನು ಹೊಸದಾಗಿ ಹಾಕು. ಗಂಟೆ ಸರಿಯಾಗಿದ್ದು ಪುಟ ಕಡಿಮೆಯಾದರೆ ಲೆಕ್ಕ ಬದಲಿಸಬೇಕು. ಗಂಟೆಯೇ ಅರ್ಧಕ್ಕಿಳಿದಿದ್ದರೆ ಹೊತ್ತನ್ನು ಬದಲಿಸಬೇಕು. ಎರಡು ಸಲ ಹೊತ್ತು ಬದಲಿಸಿದರೂ ಕೂರಲಾಗದಿದ್ದರೆ, ಈ ಪುಸ್ತಕ ನಿನಗೆ ನಿಜವಾಗಿ ಬೇಕೇ ಎಂದು ಕೇಳಿಕೋ. ಬೇಡವಾದರೆ ಬಿಡು, ಅದರಲ್ಲಿ ಅವಮಾನವೇನಿಲ್ಲ. ಚಿತ್ರಕಲೆಯನ್ನೂ ಈಗಲೇ ಶುರುಮಾಡುವ ಮಾತು ಬರೆದಿದ್ದೀಯ; ಅದು ಕರಡು ಮುಗಿಯುವವರೆಗೆ ಕಾಯಲಿ.

ಆರು ಪುಟದ ಅಳತೆ ಆದಮೇಲೆ ಅಂಕಿಗಳನ್ನು ನನಗೆ ಕಳಿಸು. ಸಂಭಾಷಣೆಯದ್ದನ್ನೂ ವರ್ಣನೆಯದ್ದನ್ನೂ ಬೇರೆಬೇರೆ ಬರೆ. ಪುಸ್ತಕದಲ್ಲಿ ಯಾವುದು ಹೆಚ್ಚಿದೆಯೋ ನೋಡಿಕೊಂಡು 540 ಸರಿಯೋ ಅಲ್ಲವೋ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ