ಹುಲ್ಲೊಂದಿದ್ದರೆ ಸಾಕಾ?

ಸಂಪಾದಕರೇ,

ನಾನು ಜಮಖಂಡಿ ಕಡೆಯವನು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ಲಾರಿ ರಿಪೇರಿ ಕೆಲಸ. ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಣ್ಣನ ಮಗಳು ಭೂಗೋಳ ಬಾಯಿಪಾಠ ಮಾಡುತ್ತಿದ್ದಳು. ಮಾಂಸಕ್ಕಾಗಿ ದನ ಸಾಕಲು ಬೇಕಾದ ಅಂಶಗಳು: ವಿಶಾಲ ಹುಲ್ಲುಗಾವಲು, ಹಿತವಾದ ಹವಾಗುಣ, ಕಡಿಮೆ ಜನ. "ಕಾಕಾ, ನೀವು ಅಲ್ಲೇ ಅದೀರಲ್ಲ, ಇದು ಬರೋಬ್ಬರಿ ಐತೇನು?" ಅಂದಳು. ಅರ್ಧ ಸರಿ ಅಂದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಹುಲ್ಲೇನೋ ಇದೆ. ಆದರೆ ಈ ಉತ್ತರದ ಸೀಮೆಯಲ್ಲಿ ಮಳೆಯೆಲ್ಲ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್ ಒಳಗೇ ಮುಗಿಯುತ್ತದೆ. ಆಮೇಲೆ ಹುಲ್ಲು ಒಣಗಿ ಕಡ್ಡಿ. ದನ ಎಷ್ಟು ಮೇಯ್ದರೂ ಮೈ ಹಿಡಿಯುವುದಿಲ್ಲ, ನೆಕ್ಕಲು ಯೂರಿಯಾ, ಖನಿಜ ಸೇರಿಸಿದ ಉಪ್ಪಿನ ಗಟ್ಟಿ ಇಡಬೇಕು. ಒಳನಾಡಿನಲ್ಲಿ ನೀರಂತೂ ನೆಲದಡಿಯದು. ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹಬ್ಬಿರುವ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲದ ಭಂಡಾರಕ್ಕೆ 19ನೇ ಶತಮಾನದ ಕೊನೆಯಲ್ಲಿ ಬೋರ್ ಹಾಕಲು ಶುರು ಮಾಡಿದ ಮೇಲೆ ಎಷ್ಟೋ ಒಣನೆಲದಲ್ಲಿ ದನ ನಿಂತವು. ಟ್ರೇಲರ್ ರಿಪೇರಿಗೆ ಒಂದು ಫಾರ್ಮಿಗೆ ಹೋದಾಗ ಆ ನೀರಿಗೆ ಕೈ ಒಡ್ಡಿ ನೋಡಿದೆ. ಹಂಡೆಯ ನೀರಿನಷ್ಟು ಬಿಸಿ! ತೊಟ್ಟಿಯಲ್ಲಿ ಆರಿದ ಮೇಲೇ ದನ ಬಾಯಿ ಇಡುತ್ತವೆ.

ಅಲ್ಲಿಗೆ ನೀರು ಕುಡಿಯಲು ಬಂದ ಗೂಳಿ ನೋಡಿ ನನಗೆ ಊರೇ ಕಣ್ಣಮುಂದೆ ಬಂತು. ಎತ್ತರದ ಡುಬ್ಬ, ಜೋತುಬಿದ್ದ ಕಿವಿ, ಗಂಗೆದೊಗಲು. ಅದು ಬ್ರಾಹ್ಮನ್ ತಳಿ. ಇಂಗ್ಲೆಂಡಿನಿಂದ ತಂದ ಶಾರ್ಟ್‌ಹಾರ್ನ್, ಹೆರಿಫೋರ್ಡ್ ದನಗಳು ಇಲ್ಲಿನ ಬಿಸಿಲಿಗೆ ಬಸವಳಿದು, ಉಣ್ಣಿ ಹತ್ತಿ ಜ್ವರದಿಂದ ಸಾಯುತ್ತಿದ್ದವು. ಹಾಗಾಗಿ 1933ರಲ್ಲಿ ಅಮೆರಿಕದಿಂದ ಬ್ರಾಹ್ಮನ್ ತರಿಸಿದರು. ನಮ್ಮ ದೇಶದ ಗಿರ್, ಕಾಂಕ್ರೇಜ್, ಓಂಗೋಲ್ ದನಗಳ ಜೊತೆ ನಮ್ಮ ಕಡೆಯ ಕೃಷ್ಣಾ ವ್ಯಾಲಿ ದನದ ರಕ್ತವೂ ಆ ತಳಿಯಲ್ಲಿದೆ. ಸಣ್ಣ ಕೂದಲು, ಸಡಿಲ ಚರ್ಮ, ಉಣ್ಣಿ ತಡೆಯುವ ಶಕ್ತಿ, ನೀರಿಗಾಗಿ ಮೈಲಿಗಟ್ಟಲೆ ನಡೆಯುವ ಕಾಲು. ಅಂದರೆ ಹವಾಗುಣ ಹಿತವಾಗಿರಲಿಲ್ಲ, ಅದನ್ನು ತಡೆಯುವ ದನವನ್ನು ಹುಡುಕಿ ತಂದರು.

ಇನ್ನು "ಕಡಿಮೆ ಜನ" ಅನ್ನುವ ಮಾತು. ಇದು ನನಗೆ ಜಾಸ್ತಿ ನೋವು ಕೊಡುತ್ತದೆ. ಇದು ಖಾಲಿ ನೆಲ ಆಗಿರಲಿಲ್ಲ, ಮೂಲನಿವಾಸಿಗಳ ನೆಲ. ಅವರ ನೆಲವನ್ನೇ ಕಸಿದುಕೊಂಡು, ಅವರನ್ನೇ ಕುದುರೆ ಮೇಲೆ ಕೂರಿಸಿ ದನ ಕಾಯಿಸಿದರು, ಬಿಳಿಯರಿಗೆ ಕೊಡುತ್ತಿದ್ದ ಕೂಲಿಯಲ್ಲಿ ಚೂರುಪಾರು ಕೊಟ್ಟರು, ಎಷ್ಟೋ ಕಡೆ ಬರೀ ಹಿಟ್ಟು, ಸಕ್ಕರೆ, ಚಹಾಪುಡಿ. 1966ರಲ್ಲಿ ವೇವ್ ಹಿಲ್ ಎಂಬ ದನದ ಫಾರ್ಮಿನಲ್ಲಿ ವಿನ್ಸೆಂಟ್ ಲಿಂಗಿಯಾರಿ ಮುಂದಾಳಾಗಿ ಗುರಿಂಜಿ ಎಂಬ ಮೂಲನಿವಾಸಿ ಜನ ಕೆಲಸ ಬಿಟ್ಟು ಹೊರನಡೆದರು. ಕೂಲಿಗಷ್ಟೇ ಅಲ್ಲ, ನೆಲಕ್ಕಾಗಿ. 1975ರಲ್ಲಿ ಪ್ರಧಾನಿ ಗಫ್ ವಿಟ್ಲಮ್ ಬಂದು, ನೆಲ ಮರಳಿಸಿದ ಗುರುತಾಗಿ ಲಿಂಗಿಯಾರಿಯ ಅಂಗೈಗೆ ಒಂದು ಹಿಡಿ ಮಣ್ಣು ಸುರಿದ ಫೋಟೊ ಇಲ್ಲಿ ಬಹಳ ಜನರಿಗೆ ಗೊತ್ತು. ಈಗ ದನ ಅಟ್ಟಲು ಹೆಲಿಕಾಪ್ಟರ್ ಇದೆ, ಬಂದರಿಗೆ ಸಾಗಿಸಲು ಸಾಲಾಗಿ ಟ್ರೇಲರ್ ಎಳೆಯುವ, ಐವತ್ತು ಮೀಟರ್ ಉದ್ದದ ರೋಡ್ ಟ್ರೇನ್ ಎಂಬ ಲಾರಿ ಇದೆ. ಆದರೆ ಆ ಕಾಲದಲ್ಲಿ ಈ ಮೂಲನಿವಾಸಿಗಳಿಲ್ಲದೆ ಒಂದು ಮಂದೆಯೂ ಕದಲುತ್ತಿರಲಿಲ್ಲ.

ಪಾಠ ಬರೆಯುವವರಲ್ಲಿ, ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಈ ಜನರ ಹೆಸರು, ನಮ್ಮ ದನದ ಹೆಸರು ಎರಡನ್ನೂ ಪಾಠಕ್ಕೆ ಸೇರಿಸಿ. ಕರಿಮಣ್ಣಿನಲ್ಲಿ ನೇಗಿಲು ಎಳೆದ ಕೃಷ್ಣಾ ವ್ಯಾಲಿ ಎತ್ತು ನಮ್ಮೂರಲ್ಲೇ ಈಗ ಅಪರೂಪ. ಅಣ್ಣನ ಮಗಳು ಅದನ್ನು ಕಣ್ಣಾರೆ ನೋಡೇ ಇಲ್ಲವಂತೆ.

- ಒಬ್ಬ ಓದುಗ, ಟೌನ್ಸ್‌ವಿಲ್