ಎರಡು ಸಲ ತುಳಿದರೆ ಹಿಡಿಯುವ ಬ್ರೇಕ್, ಬ್ರೇಕ್ ಅಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದ ಕೂಡಲೇ ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ಕಲ್ಲು–ಮಣ್ಣಿನ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತ ಜೀಪುಗಳ ಓಡಾಟ ಹೆಚ್ಚುತ್ತದೆ. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಂತೂ ಇಪ್ಪತ್ತು ಮೂವತ್ತು ವರ್ಷ ಕಂಡ ಮಹೀಂದ್ರ ಜೀಪುಗಳು ಈಗಲೂ ಗೊಬ್ಬರ, ಕಾಫಿ ಚೀಲ, ಕಾರ್ಮಿಕರನ್ನು ಹೊತ್ತು ಇಳಿಜಾರು ಇಳಿಯುತ್ತಿವೆ. ಈ ಗಾಡಿಗಳ ಬಗ್ಗೆ ಎಲ್ಲೆಡೆ ಕೇಳಿಬರುವ ಒಂದು ಮಾತಿದೆ: ‘ಮೊದಲ ಸಲ ತುಳಿದರೆ ಸ್ವಲ್ಪ ಕೆಳಗೆ ಹೋಗುತ್ತೆ, ಎರಡನೇ ಸಲಕ್ಕೆ ಹಿಡಿಯುತ್ತೆ, ಏನೂ ತೊಂದರೆಯಿಲ್ಲ.’ ತೊಂದರೆಯಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದು ಈ ಪತ್ರ.

ಮಹೀಂದ್ರ ಜೀಪುಗಳಿಗೆ ಮೂಲವಾದ ಹಳೆಯ ವಿಲ್ಲಿಸ್ ಮತ್ತು ಸಿಜೆ ಮಾದರಿಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್: ಚಕ್ರದೊಂದಿಗೆ ತಿರುಗುವ ಡ್ರಮ್ಮನ್ನು ಎರಡು ಶೂ ಒಳಗಿನಿಂದ ಒತ್ತಿ ಹಿಡಿಯುತ್ತವೆ, ಶೂಗಳ ಮೇಲಿನ ಸವೆಯುವ ಪಟ್ಟಿಯೇ ಲೈನರ್. ಪೆಡಲ್ ತುಳಿದಾಗ ನಾಲ್ಕಕ್ಕೂ ಬ್ರೇಕ್ ಆಯಿಲ್ ಕಳಿಸುವುದು ಒಂದೇ ಕೋಣೆಯ ಒಂದು ಮಾಸ್ಟರ್ ಸಿಲಿಂಡರ್; ಆ ಆಯಿಲಿನ ಒತ್ತಡದಿಂದ ಶೂಗಳನ್ನು ತಳ್ಳುವುದು ಆಯಾ ಚಕ್ರದ ವೀಲ್ ಸಿಲಿಂಡರ್. ಮುಂದಿನ ಬಲ ಚಕ್ರದ ಹೋಸ್ (ಆಯಿಲ್ ಒಯ್ಯುವ ರಬ್ಬರ್ ಕೊಳವೆ) ಒಡೆದರೂ ಹಿಂದಿನ ಎಡ ಚಕ್ರದ ಬ್ರೇಕ್ ಅದೇ ಕ್ಷಣ ಹೋಗುತ್ತದೆ. ಅಮೆರಿಕದಲ್ಲಿ ಕಾರುಗಳಿಗೆ ಎರಡು ಭಾಗದ ಬ್ರೇಕ್ ವ್ಯವಸ್ಥೆ 1968ರಿಂದ ಕಡ್ಡಾಯವಾದದ್ದು ಈ ಕಾರಣಕ್ಕೇ. ಈ ಹಳೆಯ ಮಾದರಿಗಳಿಗೆ ಆ ಎರಡನೇ ಅವಕಾಶ ಇಲ್ಲ. ಆದ್ದರಿಂದ ಪೆಡಲ್ ಕೊಡುವ ಸಣ್ಣ ಸೂಚನೆಯನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಈಗ ಆಗುತ್ತಿರುವುದೇನೆಂದರೆ, ಬ್ರೇಕ್ ಕಡಿಮೆ ಎಂದ ತಕ್ಷಣ ಆಯಿಲ್ ತುಂಬಿಸಿ, ಪೈಪಿನೊಳಗೆ ಸೇರಿದ ಗಾಳಿ (ಏರ್) ತೆಗೆದು ಕಳಿಸುತ್ತಾರೆ. ವಾರ ಬಿಟ್ಟು ಮತ್ತೆ ಅದೇ ದೂರು. ಆಗ ಮಾಸ್ಟರ್ ಸಿಲಿಂಡರ್ ಬದಲಿಸುತ್ತಾರೆ, ಆಮೇಲೆ ವೀಲ್ ಸಿಲಿಂಡರ್, ಕೊನೆಗೆ ಲೈನರ್. ಖರ್ಚು ಬೆಳೆಯುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಐದು ನಿಮಿಷ ಪೆಡಲ್ ಮೇಲೆ ಕಾಲಿಟ್ಟು ನೋಡಿದರೆ ಎಲ್ಲಿ ಹುಡುಕಬೇಕೆಂಬುದು ಬಹುಪಾಲು ಗೊತ್ತಾಗುತ್ತದೆ.

ಮೊದಲ ತುಳಿತಕ್ಕೆ ಪೆಡಲ್ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹೆಚ್ಚಿನ ಸಲ ಕಾರಣ ಶೂ ಮತ್ತು ಡ್ರಮ್ ನಡುವಿನ ಅಂತರ. ಲೈನರ್ ಸವೆದಂತೆ ಶೂ ಹೆಚ್ಚು ದೂರ ಚಲಿಸಬೇಕಾಗುತ್ತದೆ, ಮಾಸ್ಟರ್ ಒಂದು ಸಲಕ್ಕೆ ತಳ್ಳುವ ಆಯಿಲ್ ಅದಕ್ಕೆ ಸಾಲುವುದಿಲ್ಲ. ಇಂಥ ಗಾಡಿಗೆ ಎಷ್ಟು ಏರ್ ತೆಗೆದರೂ ಪ್ರಯೋಜನವಿಲ್ಲ, ಅಡ್ಜಸ್ಟ್‌ಮೆಂಟ್ ಮಾಡಬೇಕು. ಚಕ್ರ ಎತ್ತಿ, ಬ್ಯಾಕ್ ಪ್ಲೇಟಿನ ಹಿಂದಿರುವ ಅಡ್ಜಸ್ಟರನ್ನು ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಒಂದು ಚಕ್ರದಲ್ಲಿ ಎರಡು ಶೂ, ಎರಡು ಅಡ್ಜಸ್ಟರ್. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಹೊಸ ಲೈನರ್ ಹಾಕಿದ್ದರೆ ಶೂಗಳ ಕೆಳತುದಿಯನ್ನು ಹಿಡಿದಿರುವ ಆ್ಯಂಕರ್ ಪಿನ್ನುಗಳನ್ನೂ ಹೊಂದಿಸಬೇಕು: 9 ಇಂಚಿನ ಡ್ರಮ್ ಇರುವ ಹಳೆಯ ಸಿಜೆಗಳಲ್ಲಿ ಶೂವಿನ ಕೆಳತುದಿಯಲ್ಲಿ 0.005 ಇಂಚು, ಮೇಲ್ತುದಿಯಲ್ಲಿ 0.008 ಇಂಚು ಅಂತರ ಇರಬೇಕು. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಇಲ್ಲದೆ ಇದು ಆಗದ ಕೆಲಸ. ಪಿನ್ ಮುಟ್ಟದೆ ಮೇಲಿನ ಅಡ್ಜಸ್ಟರ್ ಮಾತ್ರ ತಿರುಗಿಸಿದರೆ ಲೈನರಿನ ಒಂದು ತುದಿಯಷ್ಟೇ ಡ್ರಮ್ಮಿಗೆ ತಾಗುತ್ತದೆ. ಪೆಡಲ್ ಮೇಲೆ ಬಂದಂತೆ ಕಂಡರೂ ಗಾಡಿ ನಿಲ್ಲುವುದಿಲ್ಲ. ಇನ್ನೊಂದು ಮಾತು, ಚಕ್ರದ ನಡುಭಾಗವಾದ ಹಬ್ಬಿನ ಬೇರಿಂಗ್ ಸಡಿಲವಿದ್ದರೂ ಪೆಡಲ್ ಹೀಗೇ ಕೆಳಗೆ ಹೋಗುತ್ತದೆ. ಗುಂಡಿ ಬಿದ್ದ ದಾರಿಯಲ್ಲಿ ಬಂದಾಗ ಮಾತ್ರ ಕೆಳಗಿಳಿದು, ಟಾರು ರಸ್ತೆಯಲ್ಲಿ ಸರಿಯಿದ್ದರೆ ಮೊದಲು ಚಕ್ರ ಅಲ್ಲಾಡಿಸಿ ನೋಡಬೇಕು.

ಸ್ಪಂಜಿನ ಮೇಲೆ ಕಾಲಿಟ್ಟಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ, ಇಲ್ಲವೇ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಹೋಸ್ ಮೇಲೆ ಕೈಯಿಟ್ಟರೆ ಉಬ್ಬು ತಿಳಿಯುತ್ತದೆ.

ಪೆಡಲ್ ಗಟ್ಟಿಯಾಗಿ ನಿಂತಂತೆ ಮಾಡಿ, ಕಾಲಿನ ಕೆಳಗೆ ನಿಧಾನವಾಗಿ ಇಳಿಯುತ್ತ ಹೋದರೆ ಅದು ಎಲ್ಲಕ್ಕಿಂತ ಅಪಾಯದ ಲಕ್ಷಣ. ಇದನ್ನು ಪತ್ತೆ ಮಾಡಲು ಪೆಡಲನ್ನು ಜೋರಾಗಿ ಅಲ್ಲ, ಹದವಾಗಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಜೋರಾಗಿ ತುಳಿದಾಗ, ಮಾಸ್ಟರಿನೊಳಗೆ ಆಯಿಲ್ ತಳ್ಳುವ ಸವೆದ ರಬ್ಬರ್ ಕಪ್ಪಿನ ಅಂಚು ಒತ್ತಡಕ್ಕೆ ಅರಳಿ ಗೋಡೆಗೆ ಅಂಟಿಕೊಂಡು ದೋಷ ಮುಚ್ಚಿಹೋಗುತ್ತದೆ. ಹಗುರ ಒತ್ತಡದಲ್ಲಿ ಅಂಚಿನ ಪಕ್ಕದಿಂದ ಆಯಿಲ್ ಹಿಂದಕ್ಕೆ ನುಸುಳುತ್ತದೆ. ಪೆಡಲ್ ಇಳಿದರೂ ಆಯಿಲ್ ಮಟ್ಟ ಕಡಿಮೆಯಾಗದಿದ್ದರೆ ಮಾಸ್ಟರ್ ಕಪ್ ಹೋಗಿದೆ. ಮಟ್ಟವೂ ಇಳಿದಿದ್ದರೆ ಹೊರಗೆಲ್ಲೋ ಸೋರುತ್ತಿದೆ: ವೀಲ್ ಸಿಲಿಂಡರಿನ ರಬ್ಬರ್ ಬೂಟು ಮಡಚಿ ನೋಡಿ, ಪೈಪುಗಳ ಪ್ರತಿ ಯೂನಿಯನ್ (ಜೋಡಣೆ) ಒರೆಸಿ ನೋಡಿ. ಬೂಸ್ಟರ್ (ಎಂಜಿನ್ ಓಡುವಾಗ ಸಿಗುವ ವ್ಯಾಕ್ಯೂಮಿನಿಂದ ಕಾಲಿನ ಬಲ ಹೆಚ್ಚಿಸುವ ಸಾಧನ) ಇರುವ ಗಾಡಿಯಲ್ಲಿ ಹೊರಗೆ ಒಂದು ಹನಿಯೂ ಕಾಣದೆ ಆಯಿಲ್ ಮಾಯವಾಗುತ್ತಿದ್ದರೆ ಮಾಸ್ಟರಿನ ಹಿಂದಿನ ಸೀಲ್ ದಾಟಿ ಬೂಸ್ಟರಿನೊಳಗೆ ಸೇರುತ್ತಿರಬಹುದು. ಇನ್ನೂ ಅನುಮಾನವಿದ್ದರೆ ಮಾಸ್ಟರಿನಿಂದ ಹೊರಡುವ ಪೈಪು ಬಿಚ್ಚಿ, ಆ ಬಾಯಿಗೆ ಅದೇ ಥ್ರೆಡ್ಡಿನ ಸರಿಯಾದ ಪ್ಲಗ್ ಹಾಕಿ, ಗಾಳಿ ಉಳಿಯದಂತೆ ನೋಡಿಕೊಂಡು ಒತ್ತಬೇಕು. ಆಗ ಪೆಡಲ್ ಮೇಲೆಯೇ ಕಲ್ಲಿನಂತೆ ನಿಂತರೆ ಮಾಸ್ಟರ್ ಸರಿಯಿದೆ, ದೋಷ ಮುಂದಿದೆ. ಈ ಒಂದು ಪರೀಕ್ಷೆ ಅದೆಷ್ಟೋ ಒಳ್ಳೆಯ ಮಾಸ್ಟರ್ ಸಿಲಿಂಡರುಗಳನ್ನು ಗುಜರಿಗೆ ಹೋಗದಂತೆ ಉಳಿಸುತ್ತದೆ.

ಬ್ರೇಕ್ ಹಿಡಿಯದಿರುವುದರಷ್ಟೇ ಕೆಟ್ಟದ್ದು ಹಿಡಿದದ್ದು ಬಿಡದಿರುವುದು. ಜೀಪ್ ಎಳೆಯುತ್ತಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಎಂದು ಎಂಜಿನ್ ಬಿಚ್ಚುವ ಮುನ್ನ ನಾಲ್ಕೂ ಹಬ್ ಮುಟ್ಟಿ ನೋಡಬೇಕು. ಒಂದೇ ಹಬ್ ಸುಡುತ್ತಿದ್ದರೆ ಆ ಚಕ್ರ ಎತ್ತಿ, ಅದರ ಬ್ಲೀಡಿಂಗ್ ನಿಪ್ಪಲ್ (ಏರ್ ಹೊರಬಿಡುವ ಸ್ಕ್ರೂ) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ ಒತ್ತಡ ಪೈಪಿನಲ್ಲೇ ಸಿಕ್ಕಿಕೊಂಡಿದೆ. ಹೆಚ್ಚಾಗಿ ಹೋಸಿನ ಒಳಪದರ ಕಿತ್ತು ಬಾಗಿಲಿನಂತೆ ಅಡ್ಡ ನಿಂತಿರುತ್ತದೆ. ಕಾಲಿನ ಬಲ ಆಯಿಲನ್ನು ಒಳಗೆ ತಳ್ಳುತ್ತದೆ, ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿನ ಬಲ ಅದನ್ನು ಹಿಂದಕ್ಕೆ ತರಲಾರದು. ಹೊರಗಿನಿಂದ ಆ ಹೋಸ್ ಹೊಸದರಂತೆಯೇ ಕಾಣುತ್ತದೆ, ಅದಕ್ಕೇ ಯಾರೂ ಅದನ್ನು ಅನುಮಾನಿಸುವುದಿಲ್ಲ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಸಿಲಿಂಡರ್ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆ, ಅಥವಾ ರಿಟರ್ನ್ ಸ್ಪ್ರಿಂಗ್ ಸೋತಿದೆ.

ನಾಲ್ಕೂ ಚಕ್ರ ಬಿಸಿಯಾಗುತ್ತಿದ್ದರೆ ಚಕ್ರಗಳ ಹತ್ತಿರ ಹೋಗುವುದೇ ಬೇಡ. ಪೆಡಲಿನ ಫ್ರೀ ಪ್ಲೇ ನೋಡಿ. ಹಳೆಯ ಜೀಪುಗಳಲ್ಲಿ ಪೆಡಲ್ ಪ್ಯಾಡಿನಲ್ಲಿ ಅಳೆದರೆ ಸುಮಾರು ಅರ್ಧ ಇಂಚು ಸುಮ್ಮನೆ ಚಲಿಸಿ ಆಮೇಲೆ ಪೆಡಲಿನ ಪುಶ್ ರಾಡ್ ಮಾಸ್ಟರಿನ ಪಿಸ್ಟನ್ನಿಗೆ ತಾಗಬೇಕು. ‘ಬ್ರೇಕ್ ಮೇಲೆಯೇ ಸಿಗಲಿ’ ಎಂದು ರಾಡನ್ನು ಉದ್ದ ಮಾಡಿದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಕಪ್ಪಿನ ಅಂಚು ಮಾಸ್ಟರಿನೊಳಗಿನ ಸೂಜಿರಂಧ್ರವನ್ನು ಮುಚ್ಚಿಬಿಡುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಮರಳಲು ಇರುವ ದಾರಿ ಅದೊಂದೇ. ದಾರಿ ಮುಚ್ಚಿದರೆ ಹಿಗ್ಗಿದ ಆಯಿಲ್ ಶೂಗಳನ್ನು ತಳ್ಳುತ್ತದೆ, ಅದರಿಂದ ಇನ್ನಷ್ಟು ಬಿಸಿ, ಇನ್ನಷ್ಟು ಹಿಗ್ಗು. ಕೆಲವು ಕಿಲೋಮೀಟರಿನಲ್ಲಿ ಗಾಡಿ ತಾನಾಗಿಯೇ ನಿಲ್ಲುತ್ತದೆ. ಸಿಜೆಗಳಲ್ಲಿ ಮಾಸ್ಟರ್ ಇರುವುದು ಚಾಲಕನ ಕಾಲಡಿಯ ತಗಡಿನ ಕೆಳಗೆ, ಕೆಸರು ಸಿಡಿಯುವ ಜಾಗದಲ್ಲೇ. ಮುಚ್ಚಳದ ಗಾಳಿರಂಧ್ರ ಕೆಸರಿನಿಂದ ಮುಚ್ಚಿಹೋದರೂ ತೊಂದರೆ ಕಾಣಿಸುತ್ತದೆ. ಮುಚ್ಚಳ ತೆಗೆಯುವ ಮೊದಲು ಸುತ್ತ ಒರೆಸಿ ಸ್ವಚ್ಛ ಮಾಡಲೇಬೇಕು; ಒಂದು ಕಾಳು ಮರಳು ಒಳಗೆ ಬಿದ್ದರೂ ಆ ಸೂಜಿರಂಧ್ರಕ್ಕೆ ಸಾಕು.

ನಾಲ್ಕೂ ಜಾಮ್ ಆಗಲು ಇನ್ನೊಂದು ಕಾರಣವಿದೆ, ಅದು ಪೂರ್ತಿ ನಮ್ಮ ಕೈಯಾರೆ ಮಾಡಿದ್ದು: ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿಯುವುದು, ಬಿಚ್ಚಿದ ಭಾಗಗಳನ್ನು ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವುದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಹಾಗಾದ ಮೇಲೆ ಆಯಿಲ್ ಬದಲಿಸಿದರೆ ಸಾಲದು. ಎಲ್ಲ ಕಪ್, ಸೀಲ್, ಹೋಸ್ ಬದಲಿಸಿ, ಲೋಹದ ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು ಒಣಗಿಸಬೇಕು. ಬ್ರೇಕ್ ಭಾಗಗಳನ್ನು ತೊಳೆಯಲು ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲ್ ಮಾತ್ರ.

ಆಯಿಲ್ ಬಗ್ಗೆ ನಮ್ಮ ಮಳೆನಾಡಿನಲ್ಲಿ ಹೆಚ್ಚು ಹೇಳಬೇಕಾಗಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಅದರ ದರ್ಜೆಯನ್ನು ಡಾಟ್ ಸಂಖ್ಯೆಯಿಂದ ಗುರುತಿಸುತ್ತಾರೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ತುಂಬಿದ ಗಾಡಿಯನ್ನು ಬ್ರೇಕಿನ ಮೇಲೆಯೇ ಇಳಿಸುತ್ತ ಬಂದು ನಿಲ್ಲಿಸಿದಾಗ ಡ್ರಮ್ಮಿನ ಬಿಸಿ ಸಿಲಿಂಡರಿಗೆ ಏರಿ ಆಯಿಲ್ ಕುದಿಯುತ್ತದೆ. ಆವಿ ಅದುಮಿದರೆ ಕುಗ್ಗುತ್ತದೆ, ಆದ್ದರಿಂದ ಪೆಡಲ್ ತಳಕ್ಕೆ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲವೂ ಸರಿ! ‘ಏನೂ ದೋಷ ಕಾಣಲಿಲ್ಲ’ ಎಂದು ಗ್ಯಾರೇಜಿನಿಂದ ವಾಪಸಾಗುವ ಬ್ರೇಕುಗಳಲ್ಲಿ ಇಂಥವೂ ಇರುತ್ತವೆ. ಎರಡು ವರ್ಷಕ್ಕೊಮ್ಮೆ, ಹೆಚ್ಚು ಮಳೆಯ ಜಾಗದಲ್ಲಿ ವರ್ಷಕ್ಕೊಮ್ಮೆ, ಹಳೆಯದನ್ನು ಪೂರ್ತಿ ಹೊರಹಾಕಿ ಹೊಸದು ತುಂಬಬೇಕು. ಒಂದು ಲೀಟರ್ ಸಾಕು. ಅರ್ಧ ಲೀಟರಿನ ಸೀಲ್ ಇರುವ ಎರಡು ಬಾಟಲಿ ಕೊಳ್ಳುವುದು ಮೇಲು. ಕಳೆದ ವರ್ಷ ಒಡೆದಿಟ್ಟ ಬಾಟಲಿಯಲ್ಲಿ ಉಳಿದದ್ದು ಬೇಡ. ಡಾಟ್ 5 ಎಂದಷ್ಟೇ ಬರೆದಿದ್ದರೆ ಅದು ಸಿಲಿಕೋನ್, ಡಾಟ್ 3, 4ರೊಂದಿಗೆ ಬೆರೆಸಬಾರದು.

ಏರ್ ತೆಗೆಯುವಾಗ ಮಾಸ್ಟರಿನಿಂದ ಪೈಪಿನ ಅಳತೆಯಲ್ಲಿ ಅತಿ ದೂರದ ಚಕ್ರದಿಂದ ಶುರು ಮಾಡಬೇಕು. ಬಲಗಡೆ ಸ್ಟೀರಿಂಗ್ ಇರುವ ನಮ್ಮ ಜೀಪುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೆಡಲ್ ಪಟಪಟನೆ ಹೊಡೆಯಬಾರದು, ಗಾಳಿ ನೊರೆಯಾಗುತ್ತದೆ. ನಿಧಾನವಾಗಿ ಒತ್ತಿ ಹಿಡಿದು, ನಿಪ್ಪಲ್ ತೆರೆದು, ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು. ನಿಪ್ಪಲಿಗೆ ಹಾಕಿದ ಪಾರದರ್ಶಕ ಟ್ಯೂಬಿನ ತುದಿ ಆಯಿಲಿನಲ್ಲಿ ಮುಳುಗಿರಲಿ. ಟ್ಯಾಂಕ್ ಸಣ್ಣದು, ಎಂಟು ಹತ್ತು ಒತ್ತಿಗೊಮ್ಮೆ ತುಂಬದಿದ್ದರೆ ಮತ್ತೆ ಗಾಳಿ ಸೇರಿ ಮೊದಲಿನಿಂದ ಶುರು. ಹಳೆಯ ಮಾಸ್ಟರ್ ಇದ್ದರೆ ಪೆಡಲಿನಡಿ ಒಂದು ಮರದ ತುಂಡು ಇಡುವುದು ಬಹಳ ಮುಖ್ಯ. ದಿನಬಳಕೆಯಲ್ಲಿ ಕಪ್ ಓಡಾಡದ ತುದಿಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೆಡಲನ್ನು ತಳದವರೆಗೆ ತುಳಿದರೆ ಕಪ್ ಅಲ್ಲಿಗೆ ಹೋಗಿ ಅಂಚು ಹರಿದುಕೊಳ್ಳುತ್ತದೆ. ‘ಏರ್ ತೆಗೆಯಲು ಹೋಗಿ ಮಾಸ್ಟರ್ ಹೋಯಿತು’ ಎನ್ನುವುದರ ಹಿಂದಿನ ಕಾರಣ ಇದು.

ಗಾಡಿ ಒಂದು ಕಡೆಗೆ ಎಳೆದರೆ ದೋಷ ಬಹುಪಾಲು ಅದರ ಎದುರು ಬದಿಯಲ್ಲಿ, ಹಿಡಿಯದ ಚಕ್ರದಲ್ಲಿ. ಡ್ರಮ್ ತೆಗೆದಾಗ ಲೈನರ್ ಆಕ್ಸಲ್ ಹೌಸಿಂಗಿನ ಆಯಿಲ್ ಅಥವಾ ಬ್ರೇಕ್ ಆಯಿಲ್ ಕುಡಿದಿದ್ದರೆ ಸೀಲ್ ಬದಲಿಸಿ ಲೈನರನ್ನೂ ಬದಲಿಸಬೇಕು, ಅದೂ ಆ ಆ್ಯಕ್ಸಲಿನ ಎರಡೂ ಬದಿಗೆ. ಬೆಂಕಿಗೆ ಹಿಡಿದು ಆಯಿಲ್ ಸುಟ್ಟು ಅದನ್ನೇ ಹಾಕುವ ಪದ್ಧತಿ ನಿಲ್ಲಬೇಕು. ಮುಂದಿನ ಬಿಸಿಗೆ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ರಿವೆಟ್ ತಲೆಗಿಂತ ಲೈನರ್ ಒಂದು ಮಿಲಿಮೀಟರಾದರೂ ಎತ್ತರ ಇರಲಿ. ಹಳೆಯ ಲೈನರಿನ ಪುಡಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಏರ್ ಪೈಪಿನಿಂದ ಊದುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ಹೊಸ ಕಪ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರೇ ಬದಲಾಗಬೇಕು.

ಪೈಪಿನ ವಿಷಯದಲ್ಲಿ ಹೊಂದಾಣಿಕೆಯೇ ಕೂಡದು. ತುಕ್ಕು ತಿಂದ ಬ್ರೇಕ್ ಪೈಪಿನ ಜಾಗಕ್ಕೆ ಮಾಮೂಲಿ ತಾಮ್ರದ ಪೈಪು, ಒಂದೇ ಮಡಿಕೆಯ ಫ್ಲೇರ್ (ಪೈಪಿನ ಅರಳಿಸಿದ ತುದಿ), ನಡುವೆ ಬೆಸುಗೆ — ಈ ಮೂರೂ ಕಾಣಸಿಗುತ್ತವೆ. ಕಚ್ಚಾರಸ್ತೆಯ ಅದುರಿಗೆ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ಉಕ್ಕಿನ ಬ್ರೇಕ್ ಪೈಪು, ಎರಡು ಮಡಿಕೆಯ ಫ್ಲೇರ್, ಚಾಸಿಗೆ ಕ್ಲಿಪ್. ಇದಕ್ಕೆ ಪರ್ಯಾಯ ಹುಡುಕಬಾರದು.

ಹಳ್ಳ ದಾಟಿದ ಕೂಡಲೇ ಡ್ರಮ್ ಒದ್ದೆಯಾಗಿ ಬ್ರೇಕ್ ಜಾರುವುದು ಸಹಜ. ಕೆಳಗಿನ ಗೇರಿನಲ್ಲಿ ಪೆಡಲ್ ಹಗುರವಾಗಿ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿದರೆ ಆರುತ್ತದೆ. ಇಳಿಜಾರಿನಲ್ಲಿ ಲೋ ರೇಂಜ್ (ಜೀಪಿನ ಅತಿ ನಿಧಾನದ ಗೇರು) ಹಾಕಿ ಎಂಜಿನ್ನಿಗೇ ಗಾಡಿ ತಡೆಯಲು ಬಿಡಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸಿ ಇಳಿಸುವವರು ಇನ್ನೂ ಇದ್ದಾರೆ. ಬೂಸ್ಟರ್ ಇರುವ ಜೀಪಿನಲ್ಲಿ ಎಂಜಿನ್ ಆರಿದರೆ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲ್ ಮರದಂತಾಗುತ್ತದೆ.

ಸ್ವಂತ ಬಳಕೆಯ ಗಾಡಿಗೆ 15 ವರ್ಷದ ಬಳಿಕ ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ. ಅಷ್ಟರಲ್ಲಿ ಐದು ಮಳೆಗಾಲ ಕಳೆದಿರುತ್ತದೆ. ಆದ್ದರಿಂದ ಸಾರಿಗೆ ಮತ್ತು ಪ್ರವಾಸೋದ್ಯಮ ಇಲಾಖೆಗಳು, ಜೀಪು ಮಾಲೀಕರ ಸಂಘಗಳು ಸೇರಿ ಬೆಟ್ಟದ ದಾರಿಗೆ ಹೋಗುವ ಹಳೆಯ ಜೀಪುಗಳಿಗೆ ಪ್ರತಿ ಮಳೆಗಾಲದ ನಂತರ ಬ್ರೇಕ್ ತಪಾಸಣೆ ಇಡಬೇಕೆಂದು ಕೋರುತ್ತೇವೆ. ದೊಡ್ಡ ಯಂತ್ರ ಬೇಕಿಲ್ಲ: ಒಂದು ನಿಮಿಷದ ಪೆಡಲ್ ಪರೀಕ್ಷೆ, ನಾಲ್ಕು ಹಬ್ಬಿನ ಬಿಸಿ, ಹೋಸ್ ಮತ್ತು ಯೂನಿಯನ್ನುಗಳ ನೋಟ, ಕೊನೆಯ ಸಲ ಆಯಿಲ್ ಬದಲಿಸಿದ ದಿನಾಂಕ. ತಪಾಸಣೆ ಮಾಡುವವರು ಒಂದನ್ನು ನೆನಪಿಡಬೇಕು. ಹಳೆಯ ವಿಲ್ಲಿಸ್ ಮಾದರಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಹಿಂದಿನ ಒಂದು ಚಕ್ರ ಎತ್ತಿದರೆ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಅದು ಸುತ್ತುತ್ತದೆ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಉರುಳುತ್ತದೆ. ಜ್ಯಾಕ್ ಇಡುವ ಮೊದಲು ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡು ಕೊಟ್ಟಿರಬೇಕು.

ಇತಿ,
ಹಳೆಯ ಜೀಪುಗಳ ಕೆಲಸ ಬಲ್ಲ ಓದುಗರು,
ಚಿಕ್ಕಮಗಳೂರು ಜಿಲ್ಲೆ