ಬ್ಲಾಡರ್‌ಗೆ ಪ್ಯಾಚ್ ಹಾಕಿದವನ ಮಾತು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ‘ಫುಟ್‌ಬಾಲ್ ಹುಟ್ಟಿದ್ದು 1863ರಲ್ಲಿ, ಲಂಡನ್‌ನಲ್ಲಿ’ ಅಂತ ಒಂದು ಸಣ್ಣ ಬಾಕ್ಸ್ ಬಂದಿತ್ತು. ನನ್ನ ಮೊಮ್ಮಗ ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡ. ಅದು ಪೂರ್ತಿ ಸರಿಯಿಲ್ಲ ಕಣೋ ಎಂದೆ. ‘ಪೇಪರ್‌ನಲ್ಲೇ ಬಂದಿದೆಯಲ್ಲ ಅಜ್ಜ’ ಎಂದು ಬಾಯಿ ಮುಚ್ಚಿಸಿದ. ಸರಿ, ನನ್ನ ಮಾತೂ ಪೇಪರ್‌ನಲ್ಲೇ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ಆಟಗಾರ ಅಲ್ಲ. ದಾವಣಗೆರೆಯಲ್ಲಿ ನಲವತ್ತು ವರ್ಷ ಸೈಕಲ್ ಅಂಗಡಿ ನಡೆಸಿದವನು. ಫುಟ್‌ಬಾಲ್ ಒದ್ದಿದ್ದಕ್ಕಿಂತ ಅದರ ಹೊಟ್ಟೆ ಬಿಚ್ಚಿ ನೋಡಿದ್ದೇ ಜಾಸ್ತಿ. ಆಗಿನ ಚೆಂಡಿಗೆ ಮೇಲೊಂದು ಸೀಳು ಇರುತ್ತಿತ್ತು. ಬೂಟಿಗೆ ಹಾಕಿದ ಹಾಗೆ ಅದಕ್ಕೆ ತೊಗಲಿನ ಲೇಸ್. ಒಳಗೆ ಬೇರೆಯೇ ರಬ್ಬರ್ ಬ್ಲಾಡರ್, ಅಂದರೆ ಗಾಳಿ ತುಂಬುವ ಚೀಲ. ಗಾಳಿ ಇಳಿದರೆ ಹುಡುಗರು ಸೀದಾ ನಮ್ಮ ಅಂಗಡಿಗೆ ತರುತ್ತಿದ್ದರು. ಬ್ಲಾಡರ್ ಹೊರಗೆ ತೆಗೆದು, ಗಾಳಿ ಹೊಡೆದು, ನೀರಿನ ಬೋಗುಣಿಯಲ್ಲಿ ಅದ್ದುವುದು. ಗುಳ್ಳೆ ಬಂದಲ್ಲಿ ಗುರುತು. ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್. ಇಷ್ಟು ಸುಲಭ, ಸೈಕಲ್ ಟ್ಯೂಬಿನ ಕೆಲಸವೇ.

ಕಷ್ಟ ಇದ್ದದ್ದು ವಾಪಸ್ ಹಾಕುವುದರಲ್ಲಿ. ಮಡಚಿ ಒಳಗೆ ತೂರಿಸಬೇಕು. ಪಂಪ್ ಹೊಡೆದು, ಮೂತಿ ಮಡಚಿ ದಾರದಲ್ಲಿ ಬಿಗಿಯಬೇಕು. ಆ ಗಂಟನ್ನು ತೊಗಲಿನ ನಾಲಿಗೆಯ ಕೆಳಗೆ ಚಪ್ಪಟೆಯಾಗಿ ಕೂರಿಸಬೇಕು. ಸ್ವಲ್ಪ ಉಬ್ಬಿದರೂ ಚೆಂಡು ನೆಲದ ಮೇಲೆ ಕುಂಟುತ್ತದೆ. ಆಮೇಲೆ ಸೂಜಿಯಲ್ಲಿ ಲೇಸ್ ಎಳೆಯುವುದು. ಒಂದು ಸಲ, ಮ್ಯಾಚಿಗೆ ಅರ್ಧ ಗಂಟೆ ಇದೆ ಅನ್ನುವಾಗ ಚಿತ್ರದುರ್ಗದ ಟೀಮಿನವರು ಚೆಂಡು ಹಿಡಿದು ಬಂದರು. ಎಲ್ಲ ಮುಗಿಸಿ ಕೊನೆಯ ತೂತಿಗೆ ಲೇಸ್ ಎಳೆಯುವಾಗ ಸೂಜಿ ಬ್ಲಾಡರ್‌ಗೇ ಚುಚ್ಚಿತು. ಉಸ್ಸ್ ಅಂತ ಸದ್ದು. ಹನ್ನೊಂದು ಜನ ಅಂಗಡಿ ಮುಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಮತ್ತೆ ಮೊದಲಿಂದ ಶುರು. ಅವತ್ತು ದುಡ್ಡು ತಗೊಳ್ಳಲಿಲ್ಲ.

ಈಗ ನಿಮ್ಮ ಬಾಕ್ಸ್ ವಿಷಯಕ್ಕೆ ಬರುತ್ತೇನೆ. ಚೀನಾದಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ, ಹಾನ್ ರಾಜರ ಕಾಲದಲ್ಲಿ, ತ್ಸುಜು ಎಂಬ ಆಟ ಇತ್ತು. ಸೈನಿಕರ ತಾಲೀಮಿಗೂ ಅದನ್ನು ಆಡಿಸುತ್ತಿದ್ದರು. ತೊಗಲಿನ ಚೆಂಡು, ಒಳಗೆ ಕೂದಲು, ಪುಕ್ಕ ತುರುಕಿದ್ದು. ಟಾಂಗ್ ರಾಜರ ಕಾಲಕ್ಕೆ ಗಾಳಿ ತುಂಬಿದ ಚೆಂಡು ಬಂತು. ಜಪಾನಿನವರ ಕೆಮಾರಿ ಇನ್ನೊಂದು ಥರ. ದುಂಡಗೆ ನಿಂತು, ಜಿಂಕೆ ತೊಗಲಿನ ಚೆಂಡನ್ನು ನೆಲಕ್ಕೆ ಬೀಳದ ಹಾಗೆ ಒದೆಯುವುದು. ಸೋಲು ಗೆಲುವು ಇಲ್ಲ. ಮೆಕ್ಸಿಕೋ ಕಡೆಯವರಂತೂ ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಗಟ್ಟಿ ರಬ್ಬರಿನ ಚೆಂಡು ಮಾಡಿ ಸೊಂಟದಲ್ಲಿ ಹೊಡೆದು ಆಡುತ್ತಿದ್ದರು. ಮರದ ಹಾಲಿಗೆ ಒಂದು ಬಳ್ಳಿಯ ರಸ ಬೆರೆಸಿದರೆ ರಬ್ಬರ್ ಪುಟಿಯುತ್ತದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ಕೈಯಲ್ಲಿದ್ದ ಟ್ಯೂಬ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಇಂಗ್ಲೆಂಡಿನಲ್ಲೂ 1863ಕ್ಕೆ ಮೊದಲೇ ಆಟ ಇತ್ತು. ಇತ್ತು ಅನ್ನುವುದಕ್ಕಿಂತ ಹಾವಳಿ ಇತ್ತು ಅನ್ನಬೇಕು. ಊರಿಗೆ ಊರೇ ಚೆಂಡಿನ ಹಿಂದೆ ಬೀಳುತ್ತಿತ್ತು. 1314ರಲ್ಲಿ ಲಂಡನ್‌ನ ಮೇಯರ್ ಗದ್ದಲ ತಾಳಲಾರದೆ ರಾಜನ ಹೆಸರಲ್ಲಿ ಆಟವನ್ನೇ ನಿಷೇಧಿಸಿದ. ನಮ್ಮ ಬೀದಿಯಲ್ಲಿ ಕಿಟಕಿ ಗಾಜು ಒಡೆದಾಗ ಹಿರಿಯರೊಬ್ಬರು ಹೊರಡಿಸಿದ ಆಜ್ಞೆಯೂ ಹೀಗೇ ಇತ್ತು. ಎರಡೂ ಕಡೆ ಫಲ ಒಂದೇ. ಹುಡುಗರು ನಿಲ್ಲಿಸಲಿಲ್ಲ.

ಹಾಗಾದರೆ 1863ರಲ್ಲಿ ಆಗಿದ್ದೇನು? ಜಗಳ. ಒಂದೊಂದು ಶಾಲೆಗೆ, ಒಂದೊಂದು ಕ್ಲಬ್ಬಿಗೆ ಒಂದೊಂದು ರೂಲ್ಸ್ ಇತ್ತು. ಬೇರೆ ಕಡೆಯವರ ಜೊತೆ ಆಡಲು ಹೋದರೆ ತಕರಾರು. ಅದಕ್ಕೇ ಆ ವರ್ಷ ಅಕ್ಟೋಬರ್ 26ರಂದು ಲಂಡನ್‌ನ ಒಂದು ಹೋಟೆಲಿನಲ್ಲಿ ಕ್ಲಬ್ಬಿನವರು ಸೇರಿದರು. ಆರು ಸಭೆ ಆದವು. ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದೋ ಬೇಡವೋ ಅನ್ನುವುದೇ ದೊಡ್ಡ ವಾದ. ಒದೆಯುವುದನ್ನು ಬಿಟ್ಟರೆ ಫ್ರಾನ್ಸಿನವರೂ ಒಂದು ವಾರ ಅಭ್ಯಾಸ ಮಾಡಿ ನಿಮ್ಮನ್ನು ಸೋಲಿಸುತ್ತಾರೆ ಅಂತ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಹೀಯಾಳಿಸಿದರು. ಕೊನೆಗೆ ಸಿಟ್ಟು ಮಾಡಿಕೊಂಡು ಹೊರಗೇ ಹೋದರು. ಹಾಗೆ ಬೇರೆಯಾದವರ ಆಟವೇ ರಗ್ಬಿ. ಅಲ್ಲಿ ಹುಟ್ಟಿದ್ದು ಆಟ ಅಲ್ಲ, ಕಾಗದದ ಮೇಲಿನ ರೂಲ್ಸ್. ಅದೂ ಅರ್ಧಂಬರ್ಧ. ಆಟಗಾರರು ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದಿತ್ತು.

ಆ ಕಾಗದದಲ್ಲಿ ಗೋಲಿಗೆ ಎರಡೇ ಕಂಬ, ಮಧ್ಯೆ 8 ಗಜ. ಆ ಅಗಲ ಇವತ್ತಿಗೂ ಹಾಗೇ ಇದೆ. ಮೇಲೆ ಮಾತ್ರ ಅಡ್ಡಪಟ್ಟಿ ಇಲ್ಲ. ಎಷ್ಟು ಎತ್ತರದಲ್ಲಿ ಹೋದರೂ ಗೋಲೇ! ಅಡ್ಡಪಟ್ಟಿ ಇರಲೇಬೇಕು ಅಂತ ಆಗಿದ್ದು 1882ರಲ್ಲಿ. ನನ್ನ ಮೊಮ್ಮಗನ ಗ್ಯಾಂಗ್ ಈಗ ಇದೇ ಘಟ್ಟದಲ್ಲಿದೆ. ಗೋಲ್‌ಗೆ ಎರಡು ಜೊತೆ ಚಪ್ಪಲಿ. ದಿನಾ ಒಂದೇ ಜಗಳ. ‘ಮೇಲೆ ಹೋಯ್ತು’, ‘ಇಲ್ಲ, ಒಳಗೇ ಹೋಯ್ತು.’ ಕೊನೆಗೆ ಅವರೇ ಒಂದು ಕಾನೂನು ಮಾಡಿದರು. ಗೋಲ್‌ಕೀಪರ್ ಕೈ ಎತ್ತಿದರೆ ಎಷ್ಟು ಎತ್ತರವೋ ಅಷ್ಟಕ್ಕೇ ಗೋಲು. ಮಾರನೇ ದಿನವೇ ಎರಡೂ ಕಡೆಯವರು ತಮ್ಮಲ್ಲಿ ಕುಳ್ಳಗಿದ್ದವನನ್ನು ಗೋಲಿಗೆ ನಿಲ್ಲಿಸಿದರು. ಇನ್ನೊಂದು ಸಭೆ ಆಗಬೇಕಿದೆ.

ಇನ್ನು ಬ್ಲಾಡರ್. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಹಂದಿಯ ಮೂತ್ರಕೋಶವನ್ನೇ ಊದಿ ತೊಗಲಿನೊಳಗೆ ಹಾಕುತ್ತಿದ್ದರು. ಅದು ಪೂರ್ತಿ ಗುಂಡಗಿರುವುದಿಲ್ಲ. ಚೆಂಡೂ ಅದರ ಆಕಾರಕ್ಕೇ ಬರುತ್ತಿತ್ತು. ರಗ್ಬಿ ಊರಿನಲ್ಲಿ ರಿಚರ್ಡ್ ಲಿಂಡನ್ ಅಂತ ಒಬ್ಬ ಬೂಟು, ಚೆಂಡು ಹೊಲಿಯುತ್ತಿದ್ದ. ಬಾಯಿಂದ ಊದುವ ಕೆಲಸ ಅವನ ಹೆಂಡತಿಯದು. ರೋಗ ಬಂದ ಹಂದಿಗಳ ಮೂತ್ರಕೋಶ ಊದಿ ಊದಿ ಆಕೆ ಕಾಯಿಲೆ ಬಿದ್ದು ತೀರಿಕೊಂಡಳು ಅಂತ ಹೇಳುತ್ತಾರೆ. 1860ರ ದಶಕದಲ್ಲಿ ಅವನು ರಬ್ಬರ್ ಬ್ಲಾಡರ್‌ಗೆ ತಿರುಗಿದ. ಅದನ್ನು ಬಾಯಲ್ಲಿ ಊದಲು ಆಗುತ್ತಿರಲಿಲ್ಲ. ಅದಕ್ಕೆ ಹಿತ್ತಾಳೆಯ ಪಂಪನ್ನೂ ಮಾಡಿಕೊಂಡ. ಗಟ್ಟಿ ರಬ್ಬರ್ ಬಂದದ್ದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್‌ನಿಂದ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿದ್ಯೆಗೆ ಅವನು 1844ರಲ್ಲಿ ಪೇಟೆಂಟ್ ಪಡೆದ. ಪಿ.ಬಿ. ರೋಡಿನಲ್ಲಿ ಟೈರ್ ಅಂಗಡಿಯವರು ‘ವಲ್ಕನೈಸಿಂಗ್’ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಆ ವಿದ್ಯೆಯೇ ಇದು. ಇದು ಬಂದ ಮೇಲೆಯೇ ಎಲ್ಲ ಊರಿನ ಚೆಂಡೂ ಒಂದೇ ಥರ ಗುಂಡಗಾಯಿತು. ಈಗ ಸುತ್ತಳತೆ 68ರಿಂದ 70 ಸೆಂಟಿಮೀಟರ್ ಇರಬೇಕು ಅಂತ ರೂಲ್ಸೇ ಇದೆ. ಹಂದಿಯ ಮೂತ್ರಕೋಶದಲ್ಲಿ ಆ ಲೆಕ್ಕ ಇಡಲು ಆಗುತ್ತಿತ್ತಾ? ನನ್ನ ಕೇಳಿದರೆ ಲಂಡನ್‌ನ ಆರು ಸಭೆಗಳಷ್ಟೇ ದೊಡ್ಡ ಕೆಲಸ ಈ ರಬ್ಬರಿನದು. ಪಂಚರ್ ಅಂಗಡಿಯವನು ಇನ್ನೇನು ಹೇಳುತ್ತಾನೆ ಅಂತ ನಗಬಹುದು, ನಗಲಿ.

ಇನ್ನೊಂದು ಮಾತು ಸೇರಿಸದಿದ್ದರೆ ದಾವಣಗೆರೆಯವನಾಗಿ ನನಗೆ ಸಮಾಧಾನ ಆಗುವುದಿಲ್ಲ. ರೂಲ್ಸ್ ಬರೆದವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆತನದ, ದೊಡ್ಡ ಶಾಲೆಗಳಲ್ಲಿ ಓದಿದವರು. ಆಟವನ್ನು ಬೆಳೆಸಿದ್ದು ಮಾತ್ರ ಬಟ್ಟೆ ಗಿರಣಿಯವರು. 1850ರ ಕಾಯ್ದೆಯಿಂದಾಗಿ ಇಂಗ್ಲೆಂಡಿನ ಗಿರಣಿಗಳಲ್ಲಿ ಹೆಂಗಸರು, ಚಿಕ್ಕ ವಯಸ್ಸಿನವರಿಗೆ ಶನಿವಾರ ಮಧ್ಯಾಹ್ನ ಎರಡಕ್ಕೇ ಕೆಲಸ ಬಿಡಬೇಕಾಯಿತು. ಬರಬರುತ್ತಾ ಶನಿವಾರ ಮಧ್ಯಾಹ್ನ ಅಂದರೆ ಎಲ್ಲರಿಗೂ ಮ್ಯಾಚ್ ಅಂತಾಯಿತು. 1883ರಲ್ಲಿ ಮ್ಯಾಂಚೆಸ್ಟರ್ ಕಡೆಯ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಟೀಮು ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಫೈನಲ್‌ನಲ್ಲಿ, ಅಂಥದ್ದೇ ದೊಡ್ಡ ಶಾಲೆಯಾದ ಈಟನ್‌ನ ಹಳೆ ವಿದ್ಯಾರ್ಥಿಗಳನ್ನು 2–1ರಿಂದ ಸೋಲಿಸಿತು. ಆ ಟೀಮಿನಲ್ಲಿ ನೇಯುವವರು, ನೂಲುವವನು, ಕಬ್ಬಿಣದ ಫೌಂಡ್ರಿಯವನು ಇದ್ದರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ನನ್ನ ಅಂಗಡಿಗೆ ಚೆಂಡು ತರುತ್ತಿದ್ದವರಲ್ಲೂ ಗಿರಣಿ ಹುಡುಗರೇ ಜಾಸ್ತಿ. ಶಿಫ್ಟ್ ಮುಗಿಸಿ ಬರುವಾಗ ತಲೆಯಲ್ಲಿ ಇನ್ನೂ ಹತ್ತಿಯ ಎಳೆ ಇರುತ್ತಿತ್ತು. ಗಿರಣಿಗಳು ಮುಚ್ಚಿದ ಮೇಲೆ ಅವರೂ ಬರಲಿಲ್ಲ, ಚೆಂಡೂ ಬರಲಿಲ್ಲ.

ಅದಕ್ಕೇ ನನ್ನದೊಂದು ಕೋರಿಕೆ. ಮುಂದಿನ ಭಾನುವಾರ ಅದೇ ಜಾಗದಲ್ಲಿ ‘ಹುಟ್ಟಿದ್ದು’ ಅನ್ನುವುದನ್ನು ತೆಗೆದು ‘ರೂಲ್ಸ್ ಬರೆದದ್ದು’ ಅಂತ ಹಾಕಿ. ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಅಂಟಿಸಲು ಜಾಗ ಬಿಡಿಸಿಟ್ಟಿದ್ದೇನೆ. ಹಾಗೇ, ಓದುಗರ ಅಟ್ಟದ ಮೇಲೆ ಹಳೇ ಲೇಸಿನ ಚೆಂಡು ಇದ್ದರೆ ಬಿಸಾಡಬೇಡಿ. ಅಂಗಡಿ ಈಗ ಮಗನದು. ಅಲ್ಲೇ ಮೂಲೆಯಲ್ಲಿ ನಾನೂ ಕೂತಿರುತ್ತೇನೆ. ಬ್ಲಾಡರ್ ಹರಿದಿರದಿದ್ದರೆ ಪ್ಯಾಚ್ ಹಾಕಿ ಕೊಡುತ್ತೇನೆ. ಲೇಸಿನ ಸೂಜಿ ಇನ್ನೂ ಡಬ್ಬಿಯಲ್ಲಿದೆ. ಈ ಸಲ ಹುಷಾರಾಗಿ ಎಳೆಯುತ್ತೇನೆ.

ಇತಿ,
ಹಳೇ ಸೈಕಲ್ ಅಂಗಡಿಯವನು, ದಾವಣಗೆರೆ